ಅಂಗಡಿಯಲ್ಲೇ ಇಳಿದುಬಿಟ್ಟ ಪತ್ರ

ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಆಕೆಯನ್ನು ಬೀದಿಯವರೆಲ್ಲ ‘ಮಂತ್ರಿ’ ಎಂದೇ ಕರೆಯುತ್ತಿದ್ದರು. ರಾಜಕೀಯದ ಗಾಳಿಯೂ ಸೋಕದ ಹೆಂಗಸು. ಚದುರಂಗದಲ್ಲಿ ಆಕೆಯ ಮಂತ್ರಿ ಮಣೆಯ ತುಂಬ ಓಡಾಡಿ ಎಂಥವರಿಗೂ ನೀರಿಳಿಸುತ್ತಿತ್ತು, ಅಷ್ಟೇ. ಬೀದಿಯಲ್ಲಿ ಸರಿಸಾಟಿ ಸಿಗದೆ ಇಮೇಲ್ ಪಂದ್ಯಾವಳಿಗೆ ಸೇರಿದವಳು, ಎರಡೇ ವರ್ಷದಲ್ಲಿ ಫೈನಲ್ ತಲುಪಿದ್ದಳು. ಎದುರಾಳಿ ದೂರದೇಶದ ಒಬ್ಬ ಕಡಲ ದೀಪಸ್ತಂಭದ ಕಾವಲುಗಾರ. ಒಂದೊಂದು ನಡೆಗೆ ಮೂರು ದಿನದ ಗಡುವು.

ಆಕೆಯ ಹೊಲಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ಇಮೇಲ್ ಸಿದ್ಧಪಡಿಸುವಾಗಲೇ ಮೈದುನ ಕೇಳಿದ್ದ: “ಅತ್ತಿಗೆ, ಪತ್ರಗಳು ಸರ್ವರ್‌ನಲ್ಲೇ ಇರ್ಲಾ, ಇಲ್ಲಿಗೆ ಇಳಿಸ್ಕೋತೀರಾ? ಇಳಿಸ್ಕೊಂಡ್ರೆ ಅಲ್ಲಿ ಅಳಿಸಿಹೋಗುತ್ತೆ.”

“ನನ್ನ ಪತ್ರ ಯಾರದೋ ಮನೇಲಿ ಯಾಕಿರ್ಬೇಕು? ಇಳಿಸು.”

ಫೈನಲ್‌ನಲ್ಲಿ ತನ್ನ ನಡೆ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದಾಗಲೇ, ಮಗಳಿಗೆ ಹೆರಿಗೆ ನೋವು ಬಂತೆಂದು ಬೇರೆ ಊರಿನ ಆಸ್ಪತ್ರೆಗೆ ಓಡಿದಳು. ಹೆಣ್ಣುಮಗು ಹುಟ್ಟಿತು. ಖುಷಿಯ ನಡುವೆಯೂ ಗಳಿಗೆಗೊಮ್ಮೆ ಫೋನಿನಲ್ಲಿ ಇಮೇಲ್ ನೋಡುತ್ತಿದ್ದಳು. ಖಾಲಿ. ಕಾವಲುಗಾರ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾನೆ ಎಂದು ಒಳಗೊಳಗೇ ಹಿಗ್ಗಿದಳು.

ಹೊರಟು ಬಂದ ಮೂರು ದಿನಕ್ಕೆ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗಂಡ ಫೋನ್ ಮಾಡಿ, ಮಾತಿನ ಮಧ್ಯೆ ಹೇಳಿದ: “ನೀನು ಹೋದ ದಿನವೇ ಸಂಜೆ ಐದಕ್ಕೆ ನಿನ್ನ ಕಂಪ್ಯೂಟರ್ ಟಿಂಗ್ ಅಂದಿತ್ತು.”

ಆಕೆ ಗಡಿಯಾರ ನೋಡಿದಳು. ಕಂಪ್ಯೂಟರನ್ನು ಆರಿಸದೆ ಬಂದಿದ್ದಳು. ಫೋನಿಗೆ ಕಾಣುವ ಮೊದಲೇ ಪತ್ರ ಅಂಗಡಿಯಲ್ಲಿ ಇಳಿದುಬಿಟ್ಟಿತ್ತು. ಐದಕ್ಕೆ ಗಡುವು!

“ರೀ, ಅದನ್ನ ತೆಗೆದು ಓದ್ರೀ!”

“ಏನೋ ಎನ್ ಅಂತೆ, ಎಫ್ ಅಂತೆ, ಐದಂತೆ. ಪತ್ರವೋ ಬಸ್ ನಂಬರೋ?”

ಎನ್ ಎಂದರೆ ಕುದುರೆ, ಎಫ್ ಐದು ಅದು ಬಂದು ನಿಂತ ಮನೆ. ಆಕೆ ಚೀಲದಲ್ಲಿದ್ದ ಅಂಗಿ ಗುಂಡಿಗಳನ್ನು ಸುರಿದು, ಔಷಧಿ ಪೆಟ್ಟಿಗೆಯ ರಟ್ಟಿನ ಮೇಲೆ ಮನೆಗಳನ್ನು ಗೀಚಿ, ಆಟವನ್ನು ನೆನಪಿನಿಂದಲೇ ಹೂಡಿದಳು. ಕುದುರೆ ಸೀದಾ ಮಂತ್ರಿಯ ಕುತ್ತಿಗೆಗೇ ಬಂದಿತ್ತು. ಮಂತ್ರಿಯನ್ನು ಹಿಂದಕ್ಕೆ ಸರಿಸಿದರೆ ಆಟ ಕೈತಪ್ಪುತ್ತದೆ.

ಅಮ್ಮನಿಂದಲೇ ಆಟ ಕಲಿತಿದ್ದ ಮಗಳು ಹಾಸಿಗೆಯಿಂದ ಇಣುಕಿದಳು. “ಅಮ್ಮಾ, ಮಂತ್ರೀನ ಕೊಟ್ಬಿಡು.”

“ಮಂತ್ರೀನಾ? ನಿಂಗೇನು ತಲೆ ಕೆಟ್ಟಿದ್ಯಾ?”

“ಅವ್ನು ತಿನ್ಲಿ. ಆಮೇಲೆ ಆನೆ ದಾರಿ ನೋಡು!”

ಆಕೆ ನೋಡಿದಳು. ಕುದುರೆ ಮಂತ್ರಿಯನ್ನು ತಿನ್ನಲು ಸರಿದರೆ, ಆನೆಗೆ ರಾಜನಿರುವ ಕೊನೆಯ ಸಾಲಿನವರೆಗೂ ದಾರಿ ಬಟಾಬಯಲು. ಫೋನಿನಲ್ಲಿ ನಡೆಯನ್ನು ಬರೆದು ಕಳಿಸಿದಳು. ಗಡುವಿಗೆ ಇನ್ನೂ ಹನ್ನೊಂದು ನಿಮಿಷವಿತ್ತು. ತಾಯಿ-ಮಗಳು ಹೋ ಎಂದು ಕೂಗಿದ ರಭಸಕ್ಕೆ ಮಗು ಬೆಚ್ಚಿ ಅತ್ತಿತು, ನರ್ಸ್ ಬಂದು ಗದರಿದಳು.

ಮರುಕ್ಷಣವೇ ಮೈದುನನಿಗೆ ಫೋನ್. “ಇನ್ಮೇಲೆ ಎಲ್ಲಾ ಸರ್ವರ್‌ನಲ್ಲೇ ಇರ್ಲಪ್ಪ. ತಿಂಗಳಿಗೊಂದು ಸಲ ನಕಲು ಇಳಿಸಿ ಇಟ್ಕೊಂಡ್ರಾಯ್ತು.”

ಆ ರಾತ್ರಿಯೇ ಅವನು ಬದಲಾಯಿಸಿಕೊಟ್ಟ. ಎರಡು ದಿನದ ನಂತರ ಕಾವಲುಗಾರನ ಉತ್ತರ ಬಂದಾಗ ಗಂಡ ಅಂಗಡಿಯಲ್ಲಿ, ಆಕೆ ಆಸ್ಪತ್ರೆಯಲ್ಲಿ, ಇಬ್ಬರೂ ಒಟ್ಟಿಗೇ ಅದನ್ನು ತೆರೆದರು. ‘ಸೋಲೊಪ್ಪಿದೆ. ಇಂಥ ಏಟು ಜನ್ಮದಲ್ಲಿ ತಿಂದಿರಲಿಲ್ಲ’ ಎಂದು ಬರೆದಿದ್ದ.