ಹನ್ನೆರಡು ಸೇರು ಗೋಧಿ ಹುಗ್ಗಿ

ಅಡರಕಟ್ಟಿಯ ಅಂದಾನಪ್ಪ ಕಣದಂಚಿಗೆ ನಿಂತು ಜೋಳದ ರಾಶಿಯನ್ನು ಒಮ್ಮೆ ನೋಡಿದರೆ ಸಾಕು, ಎಷ್ಟು ಚೀಲವೆಂದು ಹೇಳುತ್ತಿದ್ದ. ಒಂದು ವರ್ಷ ಅರ್ಧ ಚೀಲ ತಪ್ಪಿದ್ದಕ್ಕೆ ಮೂರು ದಿನ ರುಮಾಲು ಸುತ್ತದೆ ತಿರುಗಿದ. ಅವನ ಸೊಸೆ ನೀಲಗಂಗವ್ವ ಐನೂರು ಮಂದಿಗೆ ಅಡುಗೆ ಮಾಡಿ, ಒಬ್ಬರೂ ಹಸಿದು ಏಳದಂತೆ, ಒಂದು ತುತ್ತೂ ಮಿಗದಂತೆ ಬಡಿಸಿದವಳು. ಇಂಥ ಮನೆತನದಲ್ಲಿ, ಜೋಳ ಬಿತ್ತಿದ ಹೊಲದಲ್ಲಿ ಕರಿಕೆ ಎದ್ದಂತೆ, ನೀಲಗಂಗವ್ವನ ಮೊಮ್ಮಗಳು, ಒಂಬತ್ತನೆಯ ಇಯತ್ತೆಯ ಸುಶ್ಮಿತಾ ಗಣಿತದಲ್ಲಿ ಎಂಬತ್ತಕ್ಕೆ ಆರು ಅಂಕ ತಂದಳು.

ಲೆಕ್ಕ ಎಂದರೆ ಅವಳಿಗೆ ಹೊಟ್ಟೆನೋವು.

“ಆಯಿ, ಲೆಕ್ಕ ನನ್ನ ತಲಿಯಾಗ ನಿಂದ್ರಂಗಿಲ್ಲ.”

“ತಲಿಯಾಗ ಯಾಕ? ಬೋಗುಣಿಯಾಗ ನಿಂತ್ರ ಸಾಕು,” ಎಂದಳು ನೀಲಗಂಗವ್ವ. “ಐದು ಮಂದಿಗೆ ಪಾವಸೇರು ಗೋಧಿ. ಇವತ್ತ ಹತ್ತು ಮಂದಿ ಅದಾರ. ಅಳಿ!”

ತಿಂಗಳುದ್ದಕ್ಕೂ ಮುದುಕಿ ಮೊಮ್ಮಗಳಿಂದಲೇ ಎಲ್ಲವನ್ನೂ ಅಳೆಸಿದಳು. ತಪ್ಪಿದ ದಿನ ಮನೆಮಂದಿ ಉಪ್ಪುಪ್ಪು ಸಾರನ್ನು ಸದ್ದಿಲ್ಲದೆ ಉಂಡರು. ಹೊಟ್ಟೆನೋವು ಹುಡುಗಿಯನ್ನು ಬಿಟ್ಟು ಉಳಿದವರಿಗೆ ಹತ್ತಿತು.

ಅಷ್ಟರಲ್ಲಿ ಸುಶ್ಮಿತಾಳ ಅಕ್ಕನ ಕೂಸಿನ ತೊಟ್ಟಿಲ ಕಾರ್ಯ ಬಂತು. ಇನ್ನೂರ ನಲವತ್ತು ಮಂದಿಗೆ ಹುಗ್ಗಿ.

“ಇಪ್ಪತ್ತು ಮಂದಿಗೆ ಒಂದು ಸೇರಾದ್ರ, ಹನ್ನೆರಡು ಸೇರು,” ಎಂದಳು ಸುಶ್ಮಿತಾ, ಮೆಲ್ಲಗೆ.

“ಗೋಧಿ ಅಕಿನಽ ಅಳೀಲಿ,” ಎಂದಳು ಮುದುಕಿ.

ಗದಗದಲ್ಲಿ ಗಣಿತದ ಟ್ಯೂಷನ್ ನಡೆಸುವ ಕಾಕಾ ಮೌನೇಶನಿಗೆ ನಗು ತಡೆಯಲಾಗಲಿಲ್ಲ. “ಎಂಬತ್ತಕ್ಕ ಆರು ತಂದಾಕಿ! ಹುಗ್ಗಿ ಕೆಟ್ರ ಬೀಗರು ವರ್ಷಗಟ್ಲೆ ಆಡಿಕೊಂತಾರ. ಅತ್ತಾಗ ಸರಿಯವ್ವಾ!” ಎಂದು ಅವಳ ಕೈಯಿಂದ ಸೇರು ಕಸಿದುಕೊಂಡ. ಹುಡುಗಿಯ ಮುಖ ಬಾಡಿತು.

ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ನಮ್ಮ ರೂಢಿ. ಮೌನೇಶ ‘ಲಾಭ’ ಎಂದು ಬುಟ್ಟಿಗೆ ಸುರಿದ. ಬೀಗರೊಡನೆ ಹರಟುತ್ತ ‘ಒಂದು, ಎರಡು’ ಎಂದು ಸಾಗಿ ಹನ್ನೆರಡಕ್ಕೆ ನಿಲ್ಲಿಸಿದ.

ಸುಶ್ಮಿತಾ ಚೀಲದಲ್ಲಿ ಉಳಿದದ್ದನ್ನು ಸುಮ್ಮನೆ ಅಳೆದಳು.

“ಕಾಕಾ, ಚೀಲದಾಗ ಇಪ್ಪತ್ತು ಸೇರಿತ್ತು. ಎಂಟು ಉಳೀಬೇಕು. ಏಳಽ ಐತಿ.”

“ಇಲಿ ತಿಂದಿರಬೇಕು.”

“ಇಲಿ ಬರೋಬ್ಬರಿ ಒಂದು ಸೇರು ಅಳಕೊಂಡು ತಿಂತೇನು? ಲಾಭ ಆದಮ್ಯಾಲ ನೀವು ಒಂದು ಅಂದ್ರಿ. ಬುಟ್ಟ್ಯಾಗ ಹದಿಮೂರು ಅದಾವ. ಬೆಲ್ಲ ಇರೋದು ಹನ್ನೆರಡು ಸೇರಿಗಿ. ಹುಗ್ಗಿ ಸಪ್ಪಗಾಗತೈತಿ.”

ಬೀಗರು ಮುಸಿಮುಸಿ ನಕ್ಕರು. ನೀಲಗಂಗವ್ವ ಬುಟ್ಟಿಯ ಗೋಧಿಯನ್ನೆಲ್ಲ ಮತ್ತೆ ಚೀಲಕ್ಕೆ ಸುರಿಸಿದಳು.

“ಆತು, ತಾ ಇಲ್ಲೆ. ಈ ಸಲ ನಿಗಾ ಇಟ್ಟು ಅಳಿತೀನಿ,” ಎಂದು ಮೌನೇಶ ಕೈಚಾಚಿದ.

ಹುಡುಗಿ ಸೇರನ್ನು ಬೆನ್ನ ಹಿಂದೆ ಹಿಡಿದಳು.

“ಬ್ಯಾಡ ಕಾಕಾ. ನೀವು ಹೋಗಿ ಬೀಗರ ಜೋಡಿ ಚಾ ಕುಡೀರಿ. ಇದನ್ನ ನಾನಽ ಅಳಿತೀನಿ, ಯಾರೂ ಕೈ ಹಚ್ಚಬ್ಯಾಡ್ರಿ.”