ಬರೀ ಪ್ರಶ್ನೆ ಕೇಳುವ ಗುಂಪು

ಮನಃಶಾಸ್ತ್ರದಲ್ಲಿ ಎಂ.ಎ. ಮಾಡಲು ಹೊರಟಾಗ ನನಗೆ ನಲವತ್ತಾರು ದಾಟಿತ್ತು. ಮಹಾಪೆಯ ಸರಕು ಸಾಗಣೆ ಕಂಪನಿಯೊಂದರಲ್ಲಿ ಬಿಲ್ಲಿಂಗ್ ಕೆಲಸ. ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ, ಆ ಬೆಡ್‌ರೂಮಿನಲ್ಲಿ ಸೊಂಟದ ಮೂಳೆ ಮುರಿದು ಮಲಗಿದ ಅತ್ತೆ. ಗಂಡ ಥಾಣೆಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಅವರು ಬರುವಾಗ ನಾನು ಮಲಗಿರುತ್ತಿದ್ದೆ, ನಾನು ಹೊರಡುವಾಗ ಅವರು. ಈ ವಯಸ್ಸಿನಲ್ಲಿ ಓದು ಯಾಕೆ ಎಂದು ಕೇಳಿದವರಿಗೆಲ್ಲ ಆಸಕ್ತಿ ಎಂದು ಹೇಳುತ್ತಿದ್ದೆ. ಕ್ಲಾಸುಗಳು ಭಾನುವಾರ ಬೆಳಿಗ್ಗೆ. ಆ ಹೊತ್ತು ಮನೆಯಿಂದ ಹೊರಗಿರಲು ಒಂದು ಮರ್ಯಾದೆಯ ಕಾರಣ ಬೇಕಿತ್ತು ಎಂದರೆ ಯಾರ ಕಿವಿಗೂ ಹಿತವಾಗುತ್ತಿರಲಿಲ್ಲ.

ಮೊದಲ ವರ್ಷದ ಪಾಠವನ್ನೆಲ್ಲ ಓದಿದ್ದು ಬಸ್ಸಿನಲ್ಲಿ, ಶೀಲ್ ಫಾಟಾ ಕೂಡುರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತುಕೊಂಡು. ಈ ಶಾಸ್ತ್ರ ಹುಟ್ಟಿದ ಕಾಲದಲ್ಲಿ ಪ್ರಯೋಗಶಾಲೆಯಲ್ಲಿ ಕೂತವರು ತಮ್ಮ ಮನಸ್ಸನ್ನು ತಾವೇ ನೋಡಿಕೊಂಡು, ಕಂಡದ್ದನ್ನು ಹೇಳುತ್ತಿದ್ದರಂತೆ. ಟಿಕ್ ಟಿಕ್ ಸದ್ದು ಕೇಳಿಸಿ, ಈಗ ಏನನ್ನಿಸಿತು ಎಂದು ಅವರನ್ನು ವಿಚಾರಿಸುವುದು. ಆಮೇಲೆ ಬಂದವರು ಇದು ಆಗುವ ಮಾತಲ್ಲ ಎಂದರು. ಒಬ್ಬರ ಒಳಗು ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಹೊರಗೆ ಕಾಣುವ ನಡತೆಯನ್ನಷ್ಟೇ ಅಳೆಯಬೇಕು ಎಂಬುದು ಅವರ ವಾದ. ಅವರ ನಂತರದವರು ಮತ್ತೆ ಜನರ ಬಾಯಿಂದಲೇ ಕೇಳತೊಡಗಿದರು, ಆದರೆ ಈ ಸಲ ಅಂಕಿಗಳಲ್ಲಿ. ಸೊನ್ನೆಯಿಂದ ನಾಲ್ಕರ ಒಳಗೆ ನಿಮಗೆ ಎಷ್ಟು ದಣಿವು? ಓದುವಾಗ ನಾನು ಮನಸ್ಸಿನಲ್ಲೇ ನಾಲ್ಕು ಎಂದುಕೊಳ್ಳುತ್ತಿದ್ದೆ, ಪುಟ ತಿರುಗಿಸುತ್ತಿದ್ದೆ.

ಎರಡನೇ ವರ್ಷ ಒಂದು ಸಣ್ಣ ಪ್ರಬಂಧ ಬರೆಯಬೇಕಿತ್ತು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರ ದಣಿವು ಎಂಬ ವಿಷಯ ಆರಿಸಿಕೊಂಡೆ. ನಮ್ಮ ಗೈಡ್ ಕಲ್ಯಾಣದಿಂದ ಬರುತ್ತಿದ್ದ ಮರಾಠಿ ಮೇಡಂ. ನನಗಿಂತ ಚಿಕ್ಕವರು, ನನಗಿಂತ ಬೇಗ ಸುಸ್ತಾಗುವವರು. ಸ್ವಂತ ಮನೆಯ ವಿಷಯ ಇಟ್ಟುಕೊಂಡರೆ ಕಷ್ಟ ಎಂದು ಎಚ್ಚರಿಸಿದರು. ಬೇರೆ ವಿಷಯ ಹುಡುಕುವಷ್ಟು ಚೈತನ್ಯ ನನ್ನಲ್ಲಿಲ್ಲ ಎಂದೆ. ಅವರು ನಕ್ಕು ಒಪ್ಪಿದರು.

ವಿಧಾನ ಸರಳವಾಗಿತ್ತು. ನಾವು ಹೋಗುವ ಕನ್ನಡ ಸಂಘದಲ್ಲಿ ಪರಿಚಯವಾದ ಹೆಂಗಸರನ್ನು ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ಉಸಿರಾಟದ ಅಭ್ಯಾಸ ಕಲಿಸಿ ವಾರವಾರ ದಣಿವು ಕೇಳುವುದು. ಇನ್ನೊಂದು ಗುಂಪಿಗೆ ಏನೂ ಕಲಿಸದೆ ಬರೀ ಪ್ರಶ್ನೆ ಕೇಳುವುದು. ಯಾರು ಯಾವ ಗುಂಪಿಗೆ ಎಂಬುದನ್ನು ನಾನು ಆರಿಸುವಂತಿರಲಿಲ್ಲ. ಆರಿಸಿದರೆ ನನ್ನ ಕೈ ತಿಳಿಯದೆಯೇ ಹೆಚ್ಚು ಬಳಲಿದವರನ್ನು ಕಲಿಸುವ ಗುಂಪಿಗೆ ಹಾಕಿಬಿಡುತ್ತದೆ ಎಂದು ಮೇಡಂ ವಿವರಿಸಿದರು. ಹಾಗಾಗಿ ಹೆಸರು ಬರೆದ ಚೀಟಿಗಳನ್ನು ಸ್ಟೀಲಿನ ಡಬ್ಬಿಗೆ ಹಾಕಿ ಅತ್ತೆಯ ಹಾಸಿಗೆಯ ಮೇಲಿಟ್ಟೆ. "ಉಂದು ದಾದ, ಚೀಟಿ ಫಂಡಾ?" ಇದೇನು, ಚೀಟಿ ಫಂಡೇ ಎಂದು ಅವರು ತುಳುವಿನಲ್ಲಿ ಕೇಳಿದರು. ಹೌದೆಂದೆ. ಬಹಳ ದಿನಗಳ ಮೇಲೆ ತಮಗೊಂದು ಕೆಲಸ ಸಿಕ್ಕಿತೆಂಬ ಗಾಂಭೀರ್ಯದಲ್ಲಿ ಒಂದೊಂದೇ ಚೀಟಿ ಎತ್ತಿ ಕೊಟ್ಟರು.

ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನಾನಂದುಕೊಂಡದ್ದಕ್ಕಿಂತ ಗೋಜಲಾಯಿತು. "ಈ ವಾರ ನಿಮಗೆ ಬೇಜಾರಾಗಿತ್ತೇ?" ಎಂದು ಬರೆದುಕೊಂಡಿದ್ದೆ. ನಮ್ಮ ಕರಾವಳಿಯ ಹೆಂಗಸರು ಅದನ್ನು ದುಃಖ ಎಂದು ತಿಳಿದು, ಯಾರಾದರೂ ತೀರಿಕೊಂಡರೇ ಎಂಬಂತೆ ಗಾಬರಿಯಾದರು. ಬೆಂಗಳೂರಿನ ಕಡೆಯವರು ಬೋರ್ ಎಂದುಕೊಂಡು, ಟಿವಿ ಇದೆ, ಅಷ್ಟೇನಿಲ್ಲ ಎಂದರು. ಒಂದೇ ಪದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಕೊನೆಗೆ ಅದನ್ನು ಹೊಡೆದುಹಾಕಿ "ಈ ವಾರ ಸಾಕಪ್ಪಾ ಸಾಕು ಅನ್ನಿಸಿತೇ?" ಎಂದು ಮಾಡಿದೆ. ಅದು ಯಾವ ಕಡೆಯವರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಬರೀ ಪ್ರಶ್ನೆ ಕೇಳುವ ಗುಂಪಿನಲ್ಲಿ ಖಾರಘರದ ಒಬ್ಬರಿದ್ದರು. ಧಾರವಾಡದ ಕಡೆಯವರು, ನನ್ನದೇ ವಯಸ್ಸು. ಗಂಡನಿಗೆ ಪಾರ್ಶ್ವವಾಯು ಬಡಿದ ಮೇಲೆ ಶಾಲೆಯ ಕೆಲಸ ಬಿಟ್ಟು ಮನೆಯಲ್ಲಿದ್ದರು. ಗಂಡನಿಗೆ ಮಾತು ಹೋಗಿತ್ತು. ಭಾನುವಾರ ಮಧ್ಯಾಹ್ನ, ನಾನು ಕ್ಲಾಸು ಮುಗಿಸಿ ಮನೆಗೆ ಬಂದು ಅತ್ತೆಗೆ ಊಟ ಮಾಡಿಸಿದ ಮೇಲೆ, ಅಡುಗೆಮನೆಯ ನೆಲದ ಮೇಲೆ ಕೂತು ಅವರಿಗೆ ಫೋನ್ ಮಾಡುತ್ತಿದ್ದೆ. ನಿದ್ದೆ ಹೇಗಿತ್ತು, ಬೆನ್ನುನೋವು ಎಷ್ಟು, ಯಾರ ಮೇಲಾದರೂ ಸಿಟ್ಟು ಬಂತೇ, ಸಾಕಪ್ಪಾ ಅನ್ನಿಸಿತೇ. ಅವರು ಹೇಳಿದ್ದಕ್ಕೆಲ್ಲ "ಸರಿ, ಬರೆದುಕೊಂಡೆ" ಎಂದಷ್ಟೇ ಹೇಳಬೇಕು. ಸಮಾಧಾನ ಹೇಳಬಾರದು, ಸಲಹೆ ಕೊಡಬಾರದು, ಅಯ್ಯೋ ಎನ್ನಲೂಬಾರದು. ಅದು ಮೇಡಂ ಹಾಕಿದ ನಿಯಮ.

ಮೊದಮೊದಲು ಅವರ ಉತ್ತರಗಳು ಚಿಕ್ಕದಾಗಿದ್ದವು. ಮೂರು, ನಾಲ್ಕು, ನಾಲ್ಕು. ಆಮೇಲೆ ಅಂಕಿಯ ಹಿಂದೆ ಒಂದೊಂದು ಮಾತು ಸೇರತೊಡಗಿತು. ಗಂಡ ತಟ್ಟೆ ದೂಡಿದ್ದು, ತಾವು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತದ್ದು. ನಾನು ಸರಿ, ಬರೆದುಕೊಂಡೆ ಎನ್ನುತ್ತಿದ್ದೆ. ಕೆಲವು ವಾರ ಕಳೆದ ಮೇಲೆ ಅವರ ಅಂಕಿಗಳು ಇಳಿಯತೊಡಗಿದವು. ಉಸಿರಾಟ ಕಲಿತ ಗುಂಪಿನ ಹಲವರದು ಇದ್ದಲ್ಲೇ ಇದ್ದಾಗ, ಏನೂ ಕಲಿಯದ ಇವರದು ಇಳಿಯುತ್ತಿತ್ತು. ಏನಾದರೂ ಹೊಸದು ಶುರು ಮಾಡಿದ್ದಾರೆಯೇ ಎಂದು ಕೇಳಲು ನಿಯಮದಲ್ಲಿ ಜಾಗವಿತ್ತು, ಕೇಳಿದೆ.

"ಹೊಸದೇನಿಲ್ರೀ," ಎಂದರು. "ನೀವು ಐತವಾರ ಕೇಳ್ತೀರಲ್ಲ, ಅದಕ್ಕ ವಾರವೆಲ್ಲ ನೆಪ್ಪಿಟ್ಟಕೊಂಡಿರ್ತೀನಿ. ಸಿಟ್ಟು ಬಂದಾಗ, ಇದನ್ನ ಹೇಳಬೇಕು ಅಂತ ಅನಸ್ತದ. ಆಮ್ಯಾಲೆ ಆ ಸಿಟ್ಟು ಅಷ್ಟ ಇರೂದಿಲ್ಲ."

ಇದನ್ನು ಮೇಡಂಗೆ ಹೇಳಿದಾಗ ಅವರು ಹಣೆ ಒತ್ತಿಕೊಂಡರು. ಅಳೆಯುವ ಕೋಲೇ ಅಳೆಯುವ ವಸ್ತುವನ್ನು ಬದಲಿಸಿದರೆ ಹೋಲಿಸುವುದು ಯಾವುದಕ್ಕೆ ಯಾವುದನ್ನು ಎಂದು ಕೇಳಿದರು. ನೀವೇನಾದರೂ ಹೇಳಿದಿರಾ ಎಂದರು. ಇಲ್ಲ ಎಂದೆ. ಹಾಗಿದ್ದರೆ ದನಿಯನ್ನು ಇನ್ನಷ್ಟು ಒಣಗಿಸಿಕೊಳ್ಳಿ ಎಂದರು. ನನ್ನ ದನಿ ಅದಕ್ಕಿಂತ ಒಣಗಲು ಸಾಧ್ಯವಿತ್ತೇ ಎಂಬುದು ನನಗೆ ಗೊತ್ತಿರಲಿಲ್ಲ.

ಮಳೆಗಾಲದ ಒಂದು ವಾರ ಎಲ್ಲ ಒಟ್ಟಿಗೆ ಬಂತು. ಹಗಲು ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಕೆಲಸದಾಕೆ ಊರಿಗೆ ಹೋದಳು. ಅತ್ತೆಗೆ ಜ್ವರ, ಬೆನ್ನಿನಲ್ಲಿ ಹುಣ್ಣು. ಆಫೀಸಿನಲ್ಲಿ ರಜೆ ಕೇಳಿದರೆ ತಿಂಗಳ ಕೊನೆ ಎಂದರು. ಅರ್ಧ ದಿನ ಹೋಗುವುದು, ಓಡಿಬರುವುದು, ಸೀರೆಯ ಅಂಚಿನಿಂದ ಮೊಣಕಾಲಿನವರೆಗೆ ನೆನೆದೇ ಅತ್ತೆಯನ್ನು ಮಗ್ಗುಲು ತಿರುಗಿಸುವುದು. ಗಂಡ ಎರಡು ದಿನ ಮನೆಯಲ್ಲಿ ನಿಂತರು, ಮೂರನೆಯ ದಿನ ಹೋಟೆಲಿನವರು ಕರೆದರು. ಆ ಭಾನುವಾರ ಕ್ಲಾಸಿಗೆ ಹೋಗಲಿಲ್ಲ, ಆದರೆ ಫೋನುಗಳನ್ನು ಬಿಡುವಂತಿರಲಿಲ್ಲ. ಖಾರಘರದವರಿಗೆ ಮಾಡಿದೆ, ಪ್ರಶ್ನೆಗಳನ್ನು ಓದಿದೆ, ಅವರ ಉತ್ತರ ಬರೆದುಕೊಂಡೆ. ಸರಿ, ಇಡಲೇ ಎಂದೆ.

"ಸ್ವಲ್ಪ ತಡೀರಿ," ಎಂದರು. "ಇವತ್ತ ನಿಮ್ಮ ದನಿ ಭಾಳ ಇಳದದ. ಈಗ ನಾ ಕೇಳ್ತೀನಿ, ನೀವು ಹೇಳ್ರಿ. ಈ ವಾರ ನಿದ್ದಿ ಹೆಂಗಿತ್ತು?"

ಹೀಗೆ ಮಾಡುವಂತಿಲ್ಲ ಎಂದು ನಾನು ಹೇಳಬೇಕಿತ್ತು. ನಿದ್ದೆಯೇ ಇಲ್ಲ, ನಾಲ್ಕು, ಎಂದೆ. ಬೆನ್ನುನೋವು? ನಾಲ್ಕು. ಸಿಟ್ಟು ಬಂತೇ? ಬಂತು. ಯಾರ ಮೇಲೆ ಎಂದು ನನ್ನ ಪ್ರಶ್ನೆಗಳಲ್ಲಿ ಇರಲಿಲ್ಲ, ಅವರೂ ಕೇಳಲಿಲ್ಲ, ನಾನೇ ಹೇಳಿದೆ. ಅತ್ತೆಯ ಮೇಲೆ, ಎಂದೆ. ಎತ್ತಿ ಕೂರಿಸುವಾಗ ನನ್ನ ಕುತ್ತಿಗೆಯನ್ನು ಮಕ್ಕಳ ಹಾಗೆ ಗಟ್ಟಿ ಹಿಡಿದುಕೊಳ್ಳುತ್ತಾರೆ, ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸುತ್ತದೆ ಎಂದೆ. ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಒಲೆಯ ಮೇಲಿನ ಗಂಜಿ ಉಕ್ಕಿ ಸುಟ್ಟ ವಾಸನೆ ಬರುತ್ತಿತ್ತು, ಏಳಲಾಗದೆ ಕೈ ಚಾಚಿ ಗ್ಯಾಸ್ ಆರಿಸಿದೆ.

"ಸಾಕಪ್ಪಾ ಸಾಕು ಅನಿಸ್ತೇನ್ರಿ?"

"ಅನ್ನಿಸ್ತು."

ಅವರು, "ಆತ್ರಿ, ಬರಕೊಂಡೆ," ಎಂದರು.

ಅವರು ತಮಾಷೆಗೆ ಅನ್ನಲಿಲ್ಲ. ನಿಜವಾಗಿಯೂ ಎಲ್ಲಿಯೋ ಬರೆದಿಟ್ಟವರ ಹಾಗೆ ಹೇಳಿದರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಅವರು ಫೋನ್ ಇಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಮುಂದಿನ ವಾರ ಮೇಡಂಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಎದ್ದು ಹೋಗಿ ಎರಡು ಕಪ್ ಚಹಾ ತಂದರು. ಖಾರಘರದವರ ಅಂಕಿಗಳನ್ನು ಲೆಕ್ಕದಿಂದ ತೆಗೆಯಲೇಬೇಕು, ಬೇರೆ ದಾರಿಯಿಲ್ಲ, ಯಾಕೆ ತೆಗೆದಿರಿ ಎಂಬುದನ್ನು ಮಾತ್ರ ಪ್ರಬಂಧದ ಮಿತಿಗಳ ಭಾಗದಲ್ಲಿ ಪ್ರಾಮಾಣಿಕವಾಗಿ ಬರೆಯಿರಿ ಎಂದರು. ಚಹಾ ಕುಡಿದು ಮುಗಿಸುವಾಗ, ತಮ್ಮ ಮಗುವಿಗೂ ರಾತ್ರಿಯಿಡೀ ಕೆಮ್ಮು, ತಮ್ಮನ್ನು ಯಾರೂ ಸೊನ್ನೆಯಿಂದ ನಾಲ್ಕರಲ್ಲಿ ಕೇಳುವುದಿಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ನಾನು ಕಪ್ಪುಗಳನ್ನು ತೊಳೆದಿಟ್ಟೆ.

ಅಧ್ಯಯನ ಮುಗಿದ ಮೇಲೆ ಬರೀ ಪ್ರಶ್ನೆಯ ಗುಂಪಿನವರಿಗೂ ಉಸಿರಾಟ ಕಲಿಸಬೇಕು, ಅಷ್ಟು ದಿನ ಕಾಯಿಸಿದ್ದಕ್ಕೆ ಅದು ನ್ಯಾಯ. ಹಾಗೆ ಒಂದು ಶನಿವಾರ ಖಾರಘರಕ್ಕೆ ಹೋದೆ. ಹದಿನಾಲ್ಕನೇ ಮಹಡಿ, ಕಿಟಕಿಯ ತುಂಬ ಗುಡ್ಡ. ಅವರ ಗಂಡ ಗುಡ್ಡದ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದರು. ಆಕೆ ಫೋನಿನ ದನಿ ಕೇಳಿ ನಾನು ಊಹಿಸಿದ್ದಕ್ಕಿಂತ ಕುಳ್ಳಗಿದ್ದರು, ಜೋರಾಗಿ ನಡೆಯುತ್ತಿದ್ದರು. ಆಕೆಯನ್ನು ಕೂರಿಸಿ ಅಭ್ಯಾಸ ಶುರು ಮಾಡಿದೆ. ಕಣ್ಣು ಮುಚ್ಚಿ, ಉಸಿರು ಒಳಗೆ, ನಿಧಾನವಾಗಿ ಹೊರಗೆ. ಅವರಿಗೆ ತೋರಿಸಲೆಂದು ನಾನೂ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಸರಿದು ಹೋಗಿತ್ತು. ನನ್ನ ತಲೆಯ ಕೆಳಗೊಂದು ದಿಂಬು, ಮೇಲೊಂದು ತೆಳ್ಳನೆಯ ಕೌದಿ. ಅವರು ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನಾಚಿಕೆಯಿಂದ ನಾನು ಏನೋ ಹೇಳಹೋದೆ. ಮುಂದಿನ ಉಸಿರಿಗೆ ಹೇಳುತ್ತೇನೆಂದು ಅವರು ಕಾಯುತ್ತ ಕೂತಿದ್ದರಂತೆ, ದನಿ ಬಾರದೆ ಕಣ್ಣು ಬಿಟ್ಟು ನೋಡಿದರೆ ನಾನೂ ಅವರ ಗಂಡನೂ ಇಬ್ಬರೂ ನಿದ್ದೆ ಹೋಗಿದ್ದೆವಂತೆ. ಒಬ್ಬರಿಗಂತೂ ಕೆಲಸ ಮಾಡಿತಲ್ಲ ನಿಮ್ಮ ಉಸಿರಾಟ ಎಂದು ನಕ್ಕರು. ರೊಟ್ಟಿ, ಪಲ್ಲೆ ತಿನ್ನಿಸಿಯೇ ಕಳಿಸಿದರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಮಿತಿಗಳ ಪುಟವನ್ನು ಎರಡು ಸಲ ಓದಿದರು. ಒಬ್ಬರನ್ನು ಲೆಕ್ಕದಿಂದ ತೆಗೆದಿರಿ, ಉಳಿದವರಿಗೂ ಹೀಗೇ ಆಗಿರಲಿಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು. ಹೇಳಲಾಗುವುದಿಲ್ಲ ಎಂದೆ. ಅವರು ತಲೆಯಾಡಿಸಿ ಸಹಿ ಮಾಡಿದರು. ಎರಡನೇ ದರ್ಜೆ ಬಂತು.

ಕೆಲಸ ಅದೇ ಬಿಲ್ಲಿಂಗ್. ಕೌನ್ಸೆಲಿಂಗಿಗೆ ಇನ್ನೂ ಒಂದು ಕೋರ್ಸು ಮಾಡಬೇಕಂತೆ, ನೋಡೋಣ ಎಂದು ಬಿಟ್ಟಿದ್ದೇನೆ. ಅತ್ತೆಯ ಹುಣ್ಣು ಮಾಯ್ದಿದೆ, ಕುತ್ತಿಗೆಯನ್ನು ಹಾಗೆಯೇ ಹಿಡಿದುಕೊಳ್ಳುತ್ತಾರೆ. ಫಲಿತಾಂಶ ಬಂದ ದಿನ ಖಾರಘರಕ್ಕೆ ಫೋನ್ ಮಾಡಿದೆ. ಅವರು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದರು, ಆಮೇಲೆ ಮಾಡುತ್ತೇನೆ ಎಂದರು. ಎರಡು ದಿನ ಬಿಟ್ಟು ಮಾಡಿದರು. ಅವರ ಅಪಾರ್ಟ್‌ಮೆಂಟಿನಲ್ಲಿ ನೀರು ಬರುತ್ತಿರಲಿಲ್ಲ, ನಮ್ಮಲ್ಲಿ ಲಿಫ್ಟ್ ಕೆಟ್ಟಿತ್ತು. ಬಹಳ ಹೊತ್ತು ಅದನ್ನೇ ಮಾತಾಡಿದೆವು.