ಕ್ವಾಪಿಲ್ ಅವರ ಜೋಡಿ ದಾರಿಗಳು
ಚೆಕ್ ದೇಶದ ಬ್ರನೋ ನಗರದ ಪಿಂಚಣಿ ಕಚೇರಿಯಲ್ಲಿ, ದೊಡ್ಡ ಕಂಪ್ಯೂಟರಿಗೂ ದಾಖಲೆಗಳಿರುವ ಡಿಸ್ಕ್‌ಗಳಿಗೂ ನಡುವೆ ಕೇಬಲ್ ಜಾಲ ಹೆಣೆಯುವ ಇಂಜಿನಿಯರ್ ಕ್ವಾಪಿಲ್ ಯಾವುದನ್ನೂ ಒಂದೇ ದಾರಿಗೆ ಬಿಡುವವರಲ್ಲ. ಒಂದು ಕೇಬಲ್ ಉತ್ತರದ ಗೋಡೆ ಹಿಡಿದು ಹೋದರೆ ಅದರ ಜೊತೆಯದು ದಕ್ಷಿಣದ ಗೋಡೆಯನ್ನೇ ಹಿಡಿಯಬೇಕು. ಕೇಬಲ್‌ಗಳು ಬಂದು ಸೇರುವ ಪ್ರತಿ ಸ್ವಿಚ್ ಪೆಟ್ಟಿಗೆಯಲ್ಲೂ ಮೂರರಲ್ಲೊಂದು ತೂತು ಮುಂದೆ ಬರುವ ಡಿಸ್ಕ್‌ಗಳಿಗೆಂದು ಖಾಲಿ ಇರಬೇಕು. ಆ ಖಾಲಿ ತೂತುಗಳ ಮೇಲೆ ಕಚೇರಿಯ ನಿರ್ದೇಶಕರ ಕಣ್ಣು ಬಿದ್ದರೆ ಕ್ವಾಪಿಲ್, "ಬರೋರು ನಿಂತ್ಕೊಂಡೇ ಇರ್ಬೇಕಾ?" ಎನ್ನುತ್ತಾರೆ. ಬೆಳಿಗ್ಗೆ ಒಂದು ಮಾರ್ಗದ ಟ್ರಾಮಿನಲ್ಲಿ ಬಂದು ಸಂಜೆ ಇನ್ನೊಂದರಲ್ಲಿ ಹೋಗುತ್ತಾರೆ, ಎರಡೂ ದಾರಿ ಬಳಕೆಯಲ್ಲಿರಲೆಂದು. ಮಧ್ಯಾಹ್ನಕ್ಕೆ ಒಂದು ಬನ್ನು ಕೋಟಿನ ಜೇಬಿನಲ್ಲಿ, ಇನ್ನೊಂದು ಚೀಲದಲ್ಲಿ. "ಹೆಂಡ್ತಿ ಮಾತ್ರ ಒಬ್ರೇನಾ, ಇಂಜಿನಿಯರ್ ಸಾಹೇಬ್ರೇ?" ಎಂದು ಪಕ್ಕದ ಮೇಜಿನ ಯಾರ್ಮಿಲಾ ಕೆಣಕಿದರೆ, "ಅವ್ಳಿಗೆ ಒಬ್ಳು ಅಕ್ಕ ಇದ್ದಾಳೆ ಕಣಮ್ಮ. ಇವ್ಳು ಊರಲ್ಲಿಲ್ದಿದ್ರೂ ನನ್ನ ಬಯ್ಯೋ ಕೆಲ್ಸ ನಿಲ್ಲಲ್ಲ," ಎನ್ನುತ್ತಾರೆ. ಆದರೆ ಜಾಲದ ನಕ್ಷೆಯನ್ನು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ; "ಇದು ನಂಗೊಬ್ಬಂಗೇ ಗೊತ್ತು, ಬಿಡಿ" ಎಂಬುದು ಅವರ ಮೂವತ್ತು ವರ್ಷದ ಹೆಮ್ಮೆ. ಜೋಡಿಯಿಲ್ಲದೆ ಒಂಟಿಯಾಗಿದ್ದು, ಕೈಕೊಟ್ಟರೆ ಲಕ್ಷಾಂತರ ಮುದುಕರ ಪಿಂಚಣಿ ನಿಂತುಹೋಗುವಂಥದ್ದು ಏನಾದರೂ ಉಳಿದಿದೆಯೇ ಎಂದು ವರ್ಷಕ್ಕೊಮ್ಮೆ ಹುಡುಕಿ, ಕೆಂಪು ಪೆನ್ಸಿಲಿನಲ್ಲಿ ಪಟ್ಟಿ ಮಾಡುತ್ತಾರೆ. ಎಷ್ಟೋ ವರ್ಷ ಖಾಲಿಯೇ ಇದ್ದ ಆ ಪಟ್ಟಿಯಲ್ಲಿ ಈ ಸಲ, ಅವರು ಹೃದಯದ ಡಾಕ್ಟರನ್ನು ಕಂಡು ಬಂದ ಮಾರನೆಯ ದಿನ, ಒಂದೇ ಒಂದು ಸಾಲಿತ್ತು: ಕ್ವಾಪಿಲ್. ಅಂದು ಮಧ್ಯಾಹ್ನ ಅವರು ನಕ್ಷೆಯನ್ನು ಯಾರ್ಮಿಲಾಳ ಮೇಜಿನ ಮೇಲೆ ಹರಡಿ, ಚೀಲದಲ್ಲಿದ್ದ ಎರಡನೆಯ ಬನ್ನನ್ನು ಆಕೆಯ ಮುಂದಿಟ್ಟು, "ಕೂತ್ಕೊಳಮ್ಮ, ಉತ್ತರದ ಗೋಡೆಯಿಂದ ಶುರು ಮಾಡೋಣ," ಎಂದರು.